ಆರು ಈಡಿನ ಕೈಕೋವಿ: ಸ್ಯಾಮ್ಯುಯೆಲ್ ವಾಕರನ ಬದುಕು

ಹ್ಯೂಸ್ಟನ್ನಿನಿಂದ ಡಲ್ಲಾಸಿಗೆ ಹೋಗುವ 45ನೆಯ ಹೆದ್ದಾರಿಯು ಹಂಟ್ಸ್‌ವಿಲ್ ಪಟ್ಟಣವಿರುವ ವಾಕರ್ ಕೌಂಟಿಯನ್ನು ಹಾದುಹೋಗುತ್ತದೆ. 1846ರಲ್ಲಿ ಈ ಕೌಂಟಿಗೆ ಮಿಸಿಸಿಪ್ಪಿಯ ರಾಜಕಾರಣಿ ರಾಬರ್ಟ್ ಜೆ. ವಾಕರನ ಹೆಸರನ್ನಿಡಲಾಗಿತ್ತು. ಅಂತರ್ಯುದ್ಧದಲ್ಲಿ ಆತ ಉತ್ತರದವರ ಪಕ್ಷ ವಹಿಸಿದುದರಿಂದ ಮುನಿದ ಟೆಕ್ಸಸ್ ಶಾಸನಸಭೆಯು 1863ರಲ್ಲಿ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಆ ಗೌರವವನ್ನು ಬೇರೊಬ್ಬ ವಾಕರನಿಗೆ ಸಲ್ಲಿಸಿತು. ಆತನೇ ಸ್ಯಾಮ್ಯುಯೆಲ್ ಹ್ಯಾಮಿಲ್ಟನ್ ವಾಕರ್ (1817–1847). ಮೂವತ್ತೇ ವರ್ಷ ಬದುಕಿದ ಈ ಯೋಧನ ಹೆಸರು ಕೌಂಟಿಗಿಂತ ಹೆಚ್ಚಾಗಿ ಒಂದು ಕೈಕೋವಿಯಲ್ಲಿ ಉಳಿದುಕೊಂಡಿದೆ.

ವಾಕರ್ ಹುಟ್ಟಿದ್ದು ಮೇರಿಲ್ಯಾಂಡಿನ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ, ಏಳು ಮಕ್ಕಳಲ್ಲಿ ಐದನೆಯವನಾಗಿ. ಹಳ್ಳಿಯ ಶಾಲೆಯಲ್ಲಿ ಒಂದಿಷ್ಟು ಓದಿ, ಬಡಗಿಯೊಬ್ಬನ ಬಳಿ ಕೆಲಸ ಕಲಿಯತೊಡಗಿದನು. 1836ರಲ್ಲಿ ಕ್ರೀಕ್ ಬುಡಕಟ್ಟಿನವರ ವಿರುದ್ಧದ ದಂಡಯಾತ್ರೆಗೆ ಸ್ವಯಂಸೇವಕನಾಗಿ ಸೇರಿ, ಅಲಬಾಮ ಮತ್ತು ಫ್ಲಾರಿಡಾಗಳಲ್ಲಿ ಕಾಲ ಕಳೆದನು. 1842ರ ಜನವರಿಯಲ್ಲಿ ಗ್ಯಾಲ್ವೆಸ್ಟನ್ ಬಂದರಿಗೆ ಬಂದಿಳಿದಾಗ ಟೆಕ್ಸಸ್ ಇನ್ನೂ ಸ್ವತಂತ್ರ ಗಣರಾಜ್ಯವಾಗಿತ್ತು. ಡಲ್ಲಾಸ್ ಆಗಷ್ಟೇ ತಲೆಯೆತ್ತುತ್ತಿದ್ದ ನೆಲೆ. ರಾಜಧಾನಿ ಆಸ್ಟಿನ್ ಮೆಕ್ಸಿಕೋದ ದಾಳಿಗೆ ಈಡಾಗಬಹುದೆಂಬ ಭಯದಿಂದ ಅದೇ ವರ್ಷ ಅಧ್ಯಕ್ಷ ಸ್ಯಾಮ್ ಹ್ಯೂಸ್ಟನ್ ತನ್ನ ಸರಕಾರವನ್ನೇ ಅಲ್ಲಿಂದ ಕದಲಿಸಿದನು.

ಆ ವರ್ಷಾಂತ್ಯದಲ್ಲಿ ರಿಯೊ ಗ್ರಾಂಡೆ ನದಿ ದಾಟಿ ಮಿಯೆರ್ ಊರಿನ ಮೇಲೆ ನುಗ್ಗಿದ ಟೆಕ್ಸಸ್ ತಂಡದಲ್ಲಿ ವಾಕರನೂ ಇದ್ದನು. ತಂಡ ಸೋತು ಸೆರೆಯಾಯಿತು. 1843ರ ಫೆಬ್ರವರಿಯಲ್ಲಿ ಸಲಾಡೊ ಎಂಬಲ್ಲಿ ಸೆರೆಯಾಳುಗಳು ಕಾವಲನ್ನು ಮುರಿದು ಓಡಿದರು. ನೀರಿಲ್ಲದ ಬೆಟ್ಟಗಳಲ್ಲಿ ಅಲೆದು ಬಸವಳಿದು ಹೆಚ್ಚಿನವರು ಮತ್ತೆ ಸಿಕ್ಕಿಬಿದ್ದರು. ಹತ್ತರಲ್ಲೊಬ್ಬನಿಗೆ ಮರಣದಂಡನೆಯೆಂದು ಆಜ್ಞೆಯಾಯಿತು. 159 ಬಿಳಿಯ ಬೀಜಗಳಲ್ಲಿ 17 ಕರಿಯ ಬೀಜಗಳನ್ನು ಬೆರೆಸಿದ ಗಡಿಗೆಗೆ 176 ಮಂದಿ ಒಬ್ಬೊಬ್ಬರಾಗಿ ಕೈ ಹಾಕಿದರು. ಕರಿಯ ಬೀಜ ಬಂದವರು ಗುಂಡಿಗೆ ಬಲಿಯಾದರು. ವಾಕರನ ಕೈಗೆ ಬಂದದ್ದು ಬಿಳಿಯದು. ಮುಂದೆ ಸೆರೆಯಿಂದ ತಪ್ಪಿಸಿಕೊಂಡು ಟೆಕ್ಸಸಿಗೆ ಮರಳಿದನಾದರೂ ಆ ದಿನಗಳ ದ್ವೇಷ ಅವನನ್ನು ಕಡೆಯವರೆಗೂ ಬಿಡಲಿಲ್ಲ.

1844ರಲ್ಲಿ ಆತ ಜಾನ್ ಕಾಫಿ ಹೇಸ್‌ನ ನಾಯಕತ್ವದ ರೇಂಜರ್ ದಳವನ್ನು ಸೇರಿದನು. ಕಮಾಂಚಿ ಸವಾರನೊಬ್ಬ ಓಡುವ ಕುದುರೆಯ ಮೇಲಿಂದಲೇ ಬಾಣದ ಮೇಲೆ ಬಾಣ ಬಿಡಬಲ್ಲವನಾಗಿದ್ದನು. ಎದುರಾಳಿಯಾದರೋ ಒಂದು ಗುಂಡು ಹಾರಿಸಿ, ಕುದುರೆಯಿಂದಿಳಿದು, ಮದ್ದು ಸುರಿದು, ಗುಂಡು ಗಿಡಿದು, ಕೇಪು ಇಟ್ಟು ಮತ್ತೆ ಗುರಿ ಹಿಡಿಯಬೇಕಿತ್ತು. ಮಲೆನಾಡಿನಲ್ಲಿ ಕೇಪಿನ ಕೋವಿಯನ್ನು ಕಂಡವರಿಗೆ ಈ ವಿಳಂಬ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಟೆಕ್ಸಸ್ ನೌಕಾಪಡೆಗೆಂದು 1839ರಲ್ಲಿ ಕೊಂಡಿದ್ದ, ಸ್ಯಾಮ್ಯುಯೆಲ್ ಕೋಲ್ಟ್ ರೂಪಿಸಿದ ಐದು ಈಡಿನ ಪ್ಯಾಟರ್ಸನ್ ರಿವಾಲ್ವರುಗಳು ರೇಂಜರುಗಳ ಕೈಸೇರಿದ್ದು ಈ ಹಿನ್ನೆಲೆಯಲ್ಲಿ. ಈಡುಗಳು ಐದೇನೋ ಇದ್ದವು. ಆದರೆ ಮರಳಿ ತುಂಬಲು ನಳಿಗೆಯನ್ನೇ ಬಿಚ್ಚಬೇಕಿತ್ತು. ಓಡುವ ಕುದುರೆಯ ಮೇಲೆ ಅದು ಆಗದ ಮಾತು.

ಆ ವರ್ಷದ ಜೂನ್ 8ರಂದು, ಇಂದು ವಾಕರ್ಸ್ ಕ್ರೀಕ್ ಎನಿಸಿಕೊಂಡಿರುವ ಹಳ್ಳದ ಬಳಿ, ಹೇಸ್‌ನ 15ರಷ್ಟು ಮಂದಿ ತಮಗಿಂತ ಅನೇಕ ಪಟ್ಟು ಹೆಚ್ಚಿದ್ದ ಕಮಾಂಚಿಗಳನ್ನು ಎದುರಿಸಿದರು. ಈಟಿಯೊಂದು ವಾಕರನ ಮೈಯನ್ನು ಹಾದುಹೋಯಿತು. ಬಹುದೂರ ಸಾಗಿದ ಕಾದಾಟದ ಕೊನೆಗೆ ಎಲ್ಲರ ಈಡುಗಳೂ ಮುಗಿದಿದ್ದವು. ಹೇಸ್ ವಿಚಾರಿಸಿದಾಗ ರಾಬರ್ಟ್ ಗಿಲೆಸ್ಪಿ ಎಂಬವನ ಕೋವಿಯಲ್ಲಿ ಮಾತ್ರ ಒಂದು ಈಡು ಉಳಿದಿತ್ತು. ಗಾಯಗೊಂಡಿದ್ದ ಆತ ಕುದುರೆಯಿಂದಿಳಿದು ಕಮಾಂಚಿ ನಾಯಕನನ್ನು ಕೆಡವಿದನು. ಉಳಿದವರು ಹಿಂದೆ ಸರಿದರು. ರಿವಾಲ್ವರಿನ ಶಕ್ತಿ, ಅದರ ಕೊರತೆ ಎರಡನ್ನೂ ಆ ಒಂದು ದಿನ ತೋರಿಸಿಕೊಟ್ಟಿತು. ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದ ಕಮಾಂಚಿಗಳ ಪಾಲಿಗೆ ಅದು ಬಿಲ್ಲಿನ ಮೇಲುಗೈ ಕುಸಿಯತೊಡಗಿದ ದಿನವೂ ಹೌದು.

1846ರಲ್ಲಿ ಮೆಕ್ಸಿಕೋ ಯುದ್ಧ ಆರಂಭವಾದಾಗ ಝಕರಿ ಟೇಲರನ ಸೇನೆಗೆ ಬೇಹುಗಾರನಾಗಿ, ವಾರ್ತಾವಾಹಕನಾಗಿ ವಾಕರ್ ಮಾಡಿದ ಸಾಹಸಗಳು ಪತ್ರಿಕೆಗಳಲ್ಲಿ ಮನೆಮಾತಾದವು. ಗಿಲೆಸ್ಪಿ ಮಾಂಟೆರೇ ಕದನದಲ್ಲಿ ಮಡಿದನು. ವಾಕರ್ ತನ್ನ ತುಕಡಿಗೆ ಜನರನ್ನು ಸೇರಿಸಲೆಂದು ಪೂರ್ವಕ್ಕೆ ಬಂದಾಗ ಕೋಲ್ಟ್‌ನ ಸಂಪರ್ಕವಾಯಿತು. ಕೋಲ್ಟ್‌ನ ಪ್ಯಾಟರ್ಸನ್ ಕಾರ್ಖಾನೆ 1842ರಲ್ಲೇ ಮುಳುಗಿತ್ತು. ಕೋವಿಯನ್ನು ಬಲ್ಲವನು ಒಬ್ಬ, ಅದನ್ನು ಹಿಡಿದು ಸಾವಿನ ಬಾಯಿಂದ ಬಂದವನು ಇನ್ನೊಬ್ಬ. ಇವರಿಬ್ಬರ ಆಲೋಚನೆಯಿಂದ ಹೊಸ ಆಯುಧ ರೂಪುಗೊಂಡಿತು. ಐದರ ಬದಲು ಆರು ಈಡು, ಕಾಪುಳ್ಳ ಸ್ಥಿರವಾದ ಕುದುರೆ, ನಳಿಗೆ ಬಿಚ್ಚದೆಯೇ ಗುಂಡನ್ನು ಒತ್ತಿ ಕೂರಿಸಲು ಅದರಡಿಯಲ್ಲೇ ಜೋಡಿಸಿದ ಸನ್ನೆ: ಇವು ಅದರ ಮುಖ್ಯ ಲಕ್ಷಣಗಳು. 1847ರ ಜನವರಿಯಲ್ಲಿ ಸರಕಾರ 1,000 ಕೋವಿಗಳಿಗೆ ಒಪ್ಪಂದ ಮಾಡಿಕೊಂಡಿತು. ಸ್ವಂತ ಕಾರ್ಖಾನೆಯಿಲ್ಲದ ಕೋಲ್ಟ್ ಅವನ್ನು ಕನೆಕ್ಟಿಕಟ್ಟಿನ ವಿಟ್ನಿವಿಲ್‌ನಲ್ಲಿ ಮಾಡಿಸಿದನು.

ಈ ಕೋವಿಯ ತೂಕ ಎರಡು ಕಿಲೋಗ್ರಾಮಿಗೂ ಮಿಗಿಲು. ಒಂದೊಂದು ಗೂಡಿಗೆ 60 ಗ್ರೇನ್, ಎಂದರೆ ಸುಮಾರು 3.9 ಗ್ರಾಮ್ ಕರಿಮದ್ದು ಹಿಡಿಯುತ್ತಿತ್ತು. ಸೀಸ ಕರಗಿಸಿ ಅಚ್ಚಿನಲ್ಲಿ ಗುಂಡು ಎರೆದುಕೊಳ್ಳುವವನೂ, ಮದ್ದನ್ನು ಅಳೆದು ತುಂಬುವವನೂ ಸವಾರನೇ. ಅಳತೆ ಮೀರಿದರೆ ಶಿಕ್ಷೆ ಅವನಿಗೇ. ಕಬ್ಬಿಣದ ದೋಷ, ಮಿತಿಮೀರಿದ ಮದ್ದು, ಮೊನಚು ಗುಂಡನ್ನು ತಿರುಗುಮುರುಗಾಗಿ ಕೂರಿಸುವುದು ಮುಂತಾದ ಕಾರಣಗಳಿಂದ ಹಲವು ಕೋವಿಗಳು ಸಿಡಿದುಹೋದವು. 1848ರಲ್ಲಿ ಬಂದ ಡ್ರಗೂನ್ ಮಾದರಿಯಲ್ಲಿ ಕೋಲ್ಟ್ ಗೂಡುಗಳನ್ನು ಕಿರಿದಾಗಿಸಿ ಮದ್ದಿಗೆ ಮಿತಿ ಹಾಕಬೇಕಾಯಿತು. ಇಂದು ಹವ್ಯಾಸಕ್ಕಾಗಿ ಹಿತ್ತಾಳೆಯ ತೋಟೆಗಳನ್ನು ಮರಳಿ ತುಂಬುವವರಿಗೆ ಹೇಳಿಕೊಡುವ ಮೊದಲ ಪಾಠವೂ ಇದೇ. ತೋಟೆಯನ್ನು ಪರೀಕ್ಷಿಸಿ, ಅಳತೆಗೆ ತಂದು, ಹೊಸ ಕೇಪು ಕೂರಿಸಿದ ಮೇಲೆ ಮದ್ದನ್ನು ತಕ್ಕಡಿಯಲ್ಲಿಯೇ ತೂಗಬೇಕು. ಪ್ರಕಟಿತ ಕೋಷ್ಟಕದ ಕನಿಷ್ಠ ಪ್ರಮಾಣದಿಂದ ಆರಂಭಿಸಬೇಕು. ಕರಿಮದ್ದಿನ ಜಾಗದಲ್ಲಿ ಹೊಗೆರಹಿತ ಮದ್ದನ್ನಾಗಲಿ, ಗುರುತು ತಿಳಿಯದ ಮದ್ದನ್ನಾಗಲಿ ಬಳಸಲೇಬಾರದು. ವಾಕರನ ಕಾಲದಲ್ಲಿ ಇಂಥ ಕೋಷ್ಟಕಗಳಿರಲಿಲ್ಲ. ಸಿಡಿದ ಕೋವಿಗಳೇ ಪಾಠ ಕಲಿಸಿದವು.

ತನ್ನ ಹೆಸರಿನ ಕೋವಿಯನ್ನು ವಾಕರ್ ಬಹುಕಾಲ ಬಳಸಲಿಲ್ಲ. ಕೋಲ್ಟ್ ಉಡುಗೊರೆಯಾಗಿ ಕಳುಹಿಸಿದ ಜೋಡಿ ಕೋವಿಗಳು ಮೆಕ್ಸಿಕೋದಲ್ಲಿ ಅವನ ಕೈಸೇರಿ ಕೆಲವೇ ದಿನಗಳಾಗಿದ್ದವು. 1847ರ ಅಕ್ಟೋಬರ್ 9ರಂದು ಹುವಾಮಾಂಟ್ಲಾ ಪಟ್ಟಣಕ್ಕೆ ತನ್ನ ಸವಾರರೊಡನೆ ಮುನ್ನುಗ್ಗಿದ ಆತ ಅಲ್ಲಿಯೇ ಹತನಾದನು. ಸತ್ತದ್ದು ಗುಂಡಿನಿಂದಲೋ ಈಟಿಯಿಂದಲೋ ಎಂಬ ಬಗ್ಗೆ ಹೇಳಿಕೆಗಳು ಭಿನ್ನವಾಗಿವೆ. ಅವನ ಸಾವಿನಿಂದ ಕೆರಳಿದ ಅಮೆರಿಕನ್ ಸೈನಿಕರು ಸೇನಾಪತಿ ಜೋಸೆಫ್ ಲೇನ್‌ನ ಸಮ್ಮತಿಯಿಂದಲೇ ಪಟ್ಟಣವನ್ನು ಸೂರೆಗೈದರು. ಯುದ್ಧದಲ್ಲಿ ಕೈಯಿಡದ ನಾಗರಿಕರೂ ಬಲಿಯಾದರು. ಸಲಾಡೊದ ಕರಿಬೀಜಗಳಿಂದ ಆರಂಭವಾದ ಸೇಡಿನ ಲೆಕ್ಕವನ್ನು, ಆ ಬೀಜಗಳ ಸಂಗತಿಯನ್ನೇ ಅರಿಯದ ಜನ ತೆರಬೇಕಾಯಿತು. ವಾಕರನ ಕೀರ್ತಿಯನ್ನು ಹೇಳುವವರು ಇದನ್ನೂ ಹೇಳದಿದ್ದರೆ ಕಥೆ ಪೂರ್ಣವಾಗುವುದಿಲ್ಲ.

1848ರಲ್ಲಿ ಅವನ ಅಸ್ಥಿಗಳನ್ನು ಸ್ಯಾನ್ ಆಂಟೋನಿಯೋಗೆ ತರಲಾಯಿತು. 1856ರ ಏಪ್ರಿಲ್ 21ರಂದು, ಸ್ಯಾನ್ ಜಸಿಂಟೋ ವಿಜಯದಿನದ ಆಚರಣೆಯ ಅಂಗವಾಗಿ, ಅಲ್ಲಿನ ಆಡ್ ಫೆಲೋಸ್ ರುದ್ರಭೂಮಿಯಲ್ಲಿ ಮರುಸಮಾಧಿ ಮಾಡಲಾಯಿತು. ವಾಕರ್ಸ್ ಕ್ರೀಕಿನಲ್ಲಿ ಕೊನೆಯ ಈಡನ್ನು ಉಳಿಸಿಕೊಂಡಿದ್ದ ಗಿಲೆಸ್ಪಿಯ ಸಮಾಧಿಯೂ ಅಲ್ಲಿಯೇ ಇದೆ.