ಪರಮಪ್ರಸಾದವಿಲ್ಲದ ದಿನಗಳು

ಮಾಡದ ತಪ್ಪಿಗೆ ಅಪವಾದ ಹೊರುವ ನೋವು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಹಣದ ವಿಷಯವಾದರೆ ಲೆಕ್ಕದ ಪುಸ್ತಕವನ್ನಾದರೂ ತೋರಿಸಬಹುದು. ನಡತೆಯ ಮೇಲೆ ಅಪವಾದ ಬಂದರೆ ಏನನ್ನು ತೋರಿಸುವುದು? 1754ರಲ್ಲಿ ಸಂತ ಜೆರಾರ್ಡ್ ಮಜೆಲ್ಲಾರ ಮೇಲೆ ಬಂದದ್ದು ಅಂಥದೇ ಅಪವಾದ.

ಜೆರಾರ್ಡರು ಹುಟ್ಟಿದ್ದು 1726ರಲ್ಲಿ, ದಕ್ಷಿಣ ಇಟಲಿಯ ಮೂರೊ ಎಂಬ ಊರಿನಲ್ಲಿ. ತಂದೆ ದರ್ಜಿ. ಹನ್ನೆರಡನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಬಾಲಕ ತಾವೂ ಸೂಜಿದಾರ ಹಿಡಿದರು. ದೇಹಬಲ ಸಾಲದೆಂದು ಕಪುಚಿನ್ ಸಭೆಯವರು ಸೇರಿಸಿಕೊಳ್ಳಲಿಲ್ಲ. 1749ರಲ್ಲಿ ರಿಡೆಂಪ್ಟರಿಸ್ಟ್ ಸಭೆಯವರು ಸೇರಿಸಿಕೊಂಡರಾದರೂ, ಕೆಲಸಕ್ಕೆ ಬಾರದ ಹುಡುಗನೆಂದೇ ಪತ್ರ ಬರೆದು ಮಠಕ್ಕೆ ಕಳುಹಿಸಿದರಂತೆ. ಗುರುಪಟ್ಟವಿಲ್ಲದೆ, ಸಹೋದರರಾಗಿಯೇ ಹೊಲಿಗೆ, ತೋಟದ ಕೆಲಸ ಮಾಡಿಕೊಂಡಿದ್ದರು.

ನೆರಿಯಾ ಕಜ್ಜಾನೊ ಎಂಬ ಯುವತಿ ಕನ್ಯಾಮಠ ಸೇರಲು ಜೆರಾರ್ಡರೇ ನೆರವಾಗಿದ್ದರು. ಆಕೆ ಕೆಲವೇ ವಾರಗಳಲ್ಲಿ ಮನೆಗೆ ಮರಳಿದಳು. ಹಿಂತಿರುಗಿದ ನಾಚಿಕೆಯನ್ನು ಮುಚ್ಚಿಕೊಳ್ಳಲು ಮೊದಲು ಮಠದ ಕನ್ಯಾಸ್ತ್ರೀಯರನ್ನು ದೂರಿದಳು; ಆಮೇಲೆ ಜೆರಾರ್ಡರನ್ನೇ ಹಿಡಿದಳು. ಅವರು ಹೋಗಿ ಬರುತ್ತಿದ್ದ ಒಂದು ಮನೆಯ ಮಗಳೊಂದಿಗೆ ಅವರಿಗೆ ಕೆಟ್ಟ ಸಂಬಂಧವಿದೆ ಎಂದಳು. ಆಕೆಯ ಮಾತು ನಂಬಿದ ಗುರುವೊಬ್ಬರ ಪತ್ರ ಸಭೆಯ ಸ್ಥಾಪಕ ಸಂತ ಅಲ್ಫೋನ್ಸ್ ಲಿಗೋರಿಯವರ ಕೈ ಸೇರಿತು. ಆ ಏನೂ ಅರಿಯದ ಹೆಣ್ಣುಮಗಳ ಮಾನವೂ ಇದರಲ್ಲಿ ಬೀದಿಗೆ ಬಂತೆಂಬುದನ್ನು ನಾವು ಮರೆಯಬಾರದು.

ಅಲ್ಫೋನ್ಸರು ಗುರುವಾಗುವ ಮುನ್ನ ನೇಪಲ್ಸಿನಲ್ಲಿ ಹೆಸರುವಾಸಿ ವಕೀಲರಾಗಿದ್ದವರು. ಜೆರಾರ್ಡರನ್ನು ಕರೆಸಿ ಪತ್ರವನ್ನು ಮುಂದಿಟ್ಟರು. ಜೆರಾರ್ಡರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಂಥ ಮೌನವನ್ನು ವಕೀಲ ಹೇಗೆ ಅರ್ಥಮಾಡಿಕೊಳ್ಳಬೇಕು? ಸಭೆಯಿಂದ ಹೊರಹಾಕಲಿಲ್ಲ ಎಂಬುದೇ ದೊಡ್ಡದು. ಆದರೆ ಹೊರಗಿನವರೊಂದಿಗೆ ಮಾತುಕತೆ ಬೇಡ, ಪರಮಪ್ರಸಾದವೂ ಬೇಡವೆಂದು ವಿಧಿಸಿದರು.

ಪರಮಪ್ರಸಾದವೇ ಪ್ರಾಣವಾಗಿದ್ದವರಿಗೆ ಈ ಎರಡನೆಯದೇ ನಿಜವಾದ ಶಿಕ್ಷೆ. ಒಮ್ಮೆ ಗುರುವೊಬ್ಬರು ಬಲಿಪೂಜೆಗೆ ಸಹಾಯ ಮಾಡಲು ಕರೆದಾಗ, ತನ್ನನ್ನು ಶೋಧನೆಗೆ ಒಳಪಡಿಸಬೇಡಿ, ನಿಮ್ಮ ಕೈಯಿಂದಲೇ ಪ್ರಸಾದವನ್ನು ಕಸಿದುಕೊಂಡೇನು ಎಂದು ಜೆರಾರ್ಡರು ದೂರ ಸರಿದರಂತೆ. ಹೀಗೆ ತಿಂಗಳುಗಳು ಕಳೆದವು. ಆ ದಿನಗಳಲ್ಲಿ ಅವರು ನೆರಿಯಾಳನ್ನು ಶಪಿಸಲಿಲ್ಲ, ಅಲ್ಫೋನ್ಸರ ಮೇಲೆ ಮುನಿಸಿಕೊಳ್ಳಲಿಲ್ಲ, ಪ್ರಾರ್ಥನೆ ಬಿಡಲಿಲ್ಲ. ಈ ಮೂರರಲ್ಲಿ ಎರಡನೆಯದು ನನಗೆ ಅತ್ಯಂತ ಕಷ್ಟದ್ದೆಂದು ತೋರುತ್ತದೆ. ಶತ್ರುವಿನ ಸುಳ್ಳಿಗಿಂತ, ನಮ್ಮವರು ಅದನ್ನು ನಂಬಿದ್ದು ಹೆಚ್ಚು ಚುಚ್ಚುತ್ತದಲ್ಲವೇ?

ಕೊನೆಗೆ ನೆರಿಯಾ ಕಾಯಿಲೆ ಬಿದ್ದಳು. ಸಾವಿನ ಭಯದಲ್ಲಿ, ತಾನು ಹೇಳಿದ್ದೆಲ್ಲ ಸುಳ್ಳೆಂದು ಬರೆದು ತಿಳಿಸಿದಳು. ಇಷ್ಟು ದಿನ ಏಕೆ ಸುಮ್ಮನಿದ್ದೆಯೆಂದು ಅಲ್ಫೋನ್ಸರು ಕೇಳಿದಾಗ, ತಪ್ಪು ಹೊರಿಸಿದರೆ ಸಮರ್ಥಿಸಿಕೊಳ್ಳಬಾರದೆಂದು ಸಭೆಯ ನಿಯಮವೇ ಇದೆಯಲ್ಲ ಎಂದು ಜೆರಾರ್ಡರು ಉತ್ತರಿಸಿದರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಮೌನ ಎಲ್ಲರಿಗೂ ಕಡ್ಡಾಯವೆಂದು ದಯವಿಟ್ಟು ತಿಳಿಯಬೇಡಿ. ಹೆರೋದನ ಮುಂದೆ ಮೌನವಾಗಿದ್ದ ಯೇಸುಸ್ವಾಮಿಯೇ, ಕೆನ್ನೆಗೆ ಹೊಡೆದ ಕಾವಲುಗಾರನನ್ನು ತಪ್ಪೇನೆಂದು ಕೇಳಿದರು. ಸಂತ ಪೌಲರು ರೋಮ್ ಚಕ್ರವರ್ತಿಗೇ ಮೇಲ್ಮನವಿ ಸಲ್ಲಿಸಿದರು. ಸುಳ್ಳು ಆರೋಪದಿಂದ ಕೆಲಸ ಕಳೆದುಕೊಳ್ಳುವ ತಂದೆ, ಮಕ್ಕಳ ಅನ್ನಕ್ಕಾಗಿಯಾದರೂ ಸತ್ಯವನ್ನು ಸಾಕ್ಷಿಸಮೇತ ಹೇಳಲೇಬೇಕು. ನಿಮ್ಮೊಂದಿಗೆ ಇನ್ನೊಬ್ಬರ ಮಾನವೂ ಹೋಗುತ್ತಿದ್ದರೆ ಬಾಯಿ ತೆರೆಯುವುದೇ ಪ್ರೀತಿ. ಮನಸ್ಸಿನಲ್ಲಿ ವಿಷವಿಲ್ಲದೆ ಉತ್ತರ ಕೊಡಲು ಸಾಧ್ಯವೇ ಎಂಬುದಷ್ಟೇ ಪ್ರಶ್ನೆ. ಜೆರಾರ್ಡರ ಬದುಕು ಅದು ಸಾಧ್ಯವೆನ್ನುತ್ತದೆ.

ಮುಂದೆ ಅವರನ್ನು ಮಾತೆರ್‌ದೋಮಿನಿಯ ಮಠಕ್ಕೆ ಕಳುಹಿಸಲಾಯಿತು. ಅಲ್ಲಿ ಬಾಗಿಲು ಕಾಯುತ್ತಾ, ಆ ಕಡು ಚಳಿಗಾಲದಲ್ಲಿ ಹಸಿದು ಬಂದ ಬಡವರಿಗೆ ರೊಟ್ಟಿ, ಬಟ್ಟೆ ಹಂಚಿದರು. 1755ರ ಅಕ್ಟೋಬರ್ 16ರಂದು ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. 1904ರಲ್ಲಿ ಹತ್ತನೇ ಪಯಸ್ ಅವರಿಗೆ ಸಂತ ಪದವಿ ನೀಡಿದರು. ಒಮ್ಮೆ ಅವರು ಒಂದು ಮನೆಯಲ್ಲಿ ಬಿಟ್ಟುಹೋಗಿದ್ದ ಕರವಸ್ತ್ರ, ಮುಂದೆ ಹೆರಿಗೆಯಲ್ಲಿ ಪ್ರಾಣಾಪಾಯಕ್ಕೆ ಸಿಲುಕಿದ ಆ ಮನೆಯ ಹೆಣ್ಣುಮಗಳನ್ನು ಉಳಿಸಿತೆಂದು ಭಕ್ತರ ನಂಬಿಕೆ. ಹೆಣ್ಣಿನ ವಿಷಯದಲ್ಲೇ ಅಪವಾದ ಹೊತ್ತಿದ್ದ ಈ ಸಹೋದರರಿಗೆ ಇಂದು ಲೋಕದ ಎಲ್ಲೆಡೆ ಗರ್ಭಿಣಿಯರು ಮೊರೆಯಿಡುತ್ತಾರೆ.