ಆರನೇ ಚಿನ್ನಕ್ಕೆ ಇಬ್ಬರು ಬೇಕಾಯ್ತು

ಪ್ರಾಜೆಕ್ಟ್ ಬ್ಯಾಚಿನಲ್ಲಿ ನಾಲ್ಕು ಹೆಸರಿದ್ದರೂ ರಾತ್ರಿಯೆಲ್ಲ ಕೂತು ಒಬ್ಬರೇ ಕೆಲಸ ಮುಗಿಸಿಬಿಡುವವರು ಪ್ರತಿ ಬ್ರಾಂಚಿನಲ್ಲೂ ಇರ್ತಾರೆ. ಜಾಣರೇ, ಅನುಮಾನವಿಲ್ಲ. ಆದರೆ ಇನ್ನೊಬ್ಬರ ಜೊತೆ ಸೇರಿ ಮಾಡಿ ಅಂದ್ರೆ ಮುಖ ಸಣ್ಣಗಾಗುತ್ತೆ. ಅಂಥವರಿಗಾಗಿ ಈ ಸಲ ನಾವು ಆಯ್ದುಕೊಂಡಿರುವ ಬದುಕು ಸ್ವೀಡನ್ನಿನ ಗೆರ್ಟ್ ಫ್ರೆಡ್ರಿಕ್ಸನ್ ಅವರದು. ಕಯಾಕ್ ಓಟದಲ್ಲಿ ಒಲಿಂಪಿಕ್ಸ್‌ನ ಐದು ಚಿನ್ನವನ್ನು ಒಬ್ಬರೇ ಗೆದ್ದವರು ಇವರು. ಆರನೆಯದಕ್ಕೆ ಮಾತ್ರ ಇನ್ನೊಬ್ಬರು ಬೇಕಾದರು.

ಮೊದಲು ಕಯಾಕ್ ಅಂದ್ರೆ ಏನು ಅಂತ ಹೇಳಿಬಿಡೋಣ. ನಮ್ಮ ಹರಿಗೋಲು ದುಂಡಗೆ, ಅಗಲವಾಗಿ ಇರುತ್ತೆ. ಸ್ಪರ್ಧೆಯ ಕಯಾಕ್ ಅದಕ್ಕೆ ಪೂರಾ ಉಲ್ಟಾ. ಈಟಿಯ ಹಾಗೆ ಉದ್ದ, ಸಪೂರ. ಕಾಲು ಚಾಚಿ, ಮುಂದಕ್ಕೆ ಮುಖ ಮಾಡಿ ಕೂತು, ಎರಡೂ ತುದಿಯಲ್ಲಿ ಅಲಗಿರುವ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರು ಎಳೆಯಬೇಕು. ಹೊಸಬರು ಸುಮ್ಮನೆ ಕೂತರೂ ಮಗುಚುತ್ತೆ.

ಫ್ರೆಡ್ರಿಕ್ಸನ್ ಹುಟ್ಟಿದ್ದು 1919ರ ನವೆಂಬರ್ 21ರಂದು, ಸ್ಟಾಕ್‌ಹೋಮ್‌ನ ದಕ್ಷಿಣಕ್ಕಿರುವ ನ್ಯೂಶೋಪಿಂಗ್ ಎಂಬ ಊರಿನಲ್ಲಿ. ಹದಿಹರೆಯದಲ್ಲಿ ಹುಟ್ಟು ಹಿಡಿದರು. ಹೊಟ್ಟೆಪಾಡಿಗೆ ಅಗ್ನಿಶಾಮಕ ದಳದ ಕೆಲಸ. ಕೈ ಪಳಗುವ ಹೊತ್ತಿಗೆ ಎರಡನೇ ಮಹಾಯುದ್ಧ ಬಂತು. 1940ರ ಒಲಿಂಪಿಕ್ಸ್ ನಡೆಯಲಿಲ್ಲ, 1944ರದೂ ನಡೆಯಲಿಲ್ಲ. ಕ್ರೀಡಾಪಟುವಿನ ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸು ಅಂದ್ರೆ ಏನು ಅಂತ ನಮಗೆಲ್ಲ ಗೊತ್ತು. ಅವರ ಪಾಲಿಗೆ ಆ ವರ್ಷಗಳು ಒಲಿಂಪಿಕ್ಸ್ ಇಲ್ಲದೆಯೇ ಕಳೆದುಹೋದವು.

ಕೊನೆಗೂ 1948ರಲ್ಲಿ ಲಂಡನ್ ಒಲಿಂಪಿಕ್ಸ್ ಬಂದಾಗ ಅವರಿಗೆ 28. ಥೇಮ್ಸ್ ನದಿಯ ಹೆನ್ಲಿಯಲ್ಲಿ 10,000 ಮೀಟರ್ ಓಟ. ಸುಮಾರು 50 ನಿಮಿಷ ಒಂದೇ ಸಮನೆ ಹುಟ್ಟು ಹಾಕಬೇಕು. ಫ್ರೆಡ್ರಿಕ್ಸನ್ ಗುರಿ ಮುಟ್ಟಿ 30 ಸೆಕೆಂಡ್ ಕಳೆದ ಮೇಲೆ ಎರಡನೆಯವರು ಬಂದರು! 1,000 ಮೀಟರ್‌ನಲ್ಲೂ ಆರು ಸೆಕೆಂಡಿಗಿಂತ ಹೆಚ್ಚಿನ ಅಂತರದ ಗೆಲುವು. 1952ರ ಹೆಲ್ಸಿಂಕಿಯಲ್ಲಿ 1,000 ಮೀಟರ್ ಚಿನ್ನ ಮತ್ತೆ ಅವರದೇ. ಆದರೆ 10,000 ಮೀಟರ್‌ನಲ್ಲಿ ಆತಿಥೇಯ ಫಿನ್ಲೆಂಡಿನ ತೊರ್ವಾಲ್ಡ್ ಸ್ಟ್ರೋಮ್‌ಬರ್ಗ್ ಮುಂದೆ ಹೋದರು, ಇವರಿಗೆ ಬೆಳ್ಳಿ. ನಾಲ್ಕು ವರ್ಷ ಬಿಟ್ಟು ಮೆಲ್ಬರ್ನ್ ಒಲಿಂಪಿಕ್ಸ್. ಬಲ್ಲಾರಟ್‌ನ ವೆಂಡೂರಿ ಕೆರೆಯಲ್ಲಿ ಎರಡೂ ಚಿನ್ನ ವಾಪಸ್ ತಂದರು. ವಯಸ್ಸು 37.

ಇಲ್ಲಿಗೇ ನಿಲ್ಲಿಸಿದ್ದರೂ ಹೆಸರು ಉಳಿಯುತ್ತಿತ್ತು. ನಿಲ್ಲಿಸಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ಗೆ ಬರುವಷ್ಟರಲ್ಲಿ ಎರಡು ಸಂಗತಿ ಕೈತಪ್ಪಿದ್ದವು. ಅವರು ಎರಡು ಸಲ ಗೆದ್ದಿದ್ದ 10,000 ಮೀಟರ್ ಓಟವನ್ನು ಒಲಿಂಪಿಕ್ಸ್‌ನಿಂದಲೇ ತೆಗೆದುಹಾಕಿದ್ದರು. ಇನ್ನೊಂದು ವಯಸ್ಸು, ಆಗಲೇ 40. ರೋಮ್ ಹತ್ತಿರದ ಅಲ್ಬಾನೋ ಕೆರೆ ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನೀರು ತುಂಬಿ ಆದದ್ದು. ಅಲ್ಲಿ ಒಂಟಿ ಕಯಾಕಿನ 1,000 ಮೀಟರ್‌ನಲ್ಲಿ ಡೆನ್ಮಾರ್ಕಿನ ಎರಿಕ್ ಹಾನ್ಸೆನ್ ಗೆದ್ದರು. ಹಿಂದಿನ ಮೂರು ಒಲಿಂಪಿಕ್ಸ್‌ನಲ್ಲೂ ಈ ಓಟ ಗೆದ್ದಿದ್ದ ಫ್ರೆಡ್ರಿಕ್ಸನ್‌ಗೆ ಸಿಕ್ಕಿದ್ದು ಕಂಚು.

ಅದೇ ಕೆರೆಯಲ್ಲಿ ಅವರು ಇನ್ನೊಂದು ದೋಣಿಯಲ್ಲೂ ಕೂತಿದ್ದರು. ಅದು 1,000 ಮೀಟರ್ ಜೋಡಿ ಕಯಾಕ್. ಜೊತೆಗಾರ 27ರ ಸ್ವೆನ್-ಊಲೊವ್ ಷಾಡೇಲಿಯಸ್, ಇವರಿಗಿಂತ 13 ವರ್ಷ ಚಿಕ್ಕವರು.

ಈಗ ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರಿಂಗ್ ಓದ್ತಾ ಇದ್ದೀವಲ್ಲ! ಇಬ್ಬರು ಕೂತರೆ ದೋಣಿ ಎಷ್ಟು ಜೋರಾಗಿ ಹೋಗುತ್ತೆ? ಡಬಲ್ ಅಂತ ಅನ್ನಿಸಬಹುದು, ಅಲ್ಲ. ನೀರಿನ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ಬೇಕಾಗುವ ಪವರ್ ವೇಗದ ಘನದ ಲೆಕ್ಕದಲ್ಲಿ. ಇಬ್ಬರಿಂದ ಪವರ್ ಎರಡು ಪಟ್ಟು ಆಗುತ್ತೆ ನಿಜ, ತೂಕವೂ ಎರಡು ಪಟ್ಟು. ಅದೇ ಆಕಾರದ ದೊಡ್ಡ ದೋಣಿ ಅಂದುಕೊಂಡರೆ ನೀರಿಗೆ ತಾಗುವ ಮೈ ಸುಮಾರು 1.6 ಪಟ್ಟು ಹೆಚ್ಚುತ್ತೆ. 2ನ್ನು 1.6ರಿಂದ ಭಾಗಿಸಿ, ಘನಮೂಲ ತೆಗೆದರೆ ಬರೋದು ಬರೀ 1.08. ಅಂದ್ರೆ ನೂರಕ್ಕೆ ಎಂಟರಷ್ಟು ಲಾಭ. ರೋಮ್‌ನಲ್ಲಿ ಹಾನ್ಸೆನ್ ಒಬ್ಬರೇ ತೆಗೆದುಕೊಂಡ ಸಮಯ 3 ನಿಮಿಷ 53 ಸೆಕೆಂಡ್, ಗೆದ್ದ ಜೋಡಿಯದು 3 ನಿಮಿಷ 34.7. ಭಾಗಿಸಿ ನೋಡಿ, ನಮ್ಮ ಲೆಕ್ಕದ ಹತ್ತಿರವೇ ಬರುತ್ತೆ.

ಆ ಎಂಟು ಕೂಡ ಪುಕ್ಕಟೆ ಬರಲ್ಲ. ಜೋಡಿ ಕಯಾಕಿನಲ್ಲಿ ಮುಂದೆ ಕೂತವರು ಕಾಲಿನಿಂದ ಚುಕ್ಕಾಣಿ ತಿರುಗಿಸ್ತಾರೆ, ಲಯ ಹಾಕ್ತಾರೆ. ಹಿಂದಿನವರು ಅದೇ ಕ್ಷಣಕ್ಕೆ ಅಲಗು ಮುಳುಗಿಸಬೇಕು, ಅದೇ ಕ್ಷಣಕ್ಕೆ ಎತ್ತಬೇಕು. ಒಬ್ಬರು ಕೊಂಚ ಮೊದಲಾದರೂ ದೋಣಿ ಓಲಾಡುತ್ತೆ, ಇನ್ನೊಬ್ಬರ ಎಳೆತ ವ್ಯರ್ಥ. ಎಷ್ಟೇ ಬಲ ಇದ್ದರೂ ಒಬ್ಬರೇ ಜೋರಾಗಿ ಹೋಗೋಕೆ ಆಗಲ್ಲ. ಇಷ್ಟು ವರ್ಷ ತನ್ನ ಲಯವನ್ನು ತಾನೇ ಆರಿಸಿಕೊಂಡು ಗೆದ್ದವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ನಮಗನ್ನಿಸುತ್ತೆ.

ಫೈನಲ್‌ನಲ್ಲಿ ಹಂಗೇರಿಯ ಜೋಡಿ ಕೊನೆವರೆಗೂ ಬಿಡಲಿಲ್ಲ. ಸ್ವೀಡನ್ ಗೆದ್ದದ್ದು ಕಾಲು ಸೆಕೆಂಡಿಗಿಂತ ಕಮ್ಮಿ ಅಂತರದಲ್ಲಿ. ಆ ವೇಗಕ್ಕೆ ದೂರ ಲೆಕ್ಕ ಹಾಕಿದರೆ ಒಂದು ಮೀಟರ್ರೂ ಆಗಲ್ಲ, ದೋಣಿಯ ಉದ್ದವೇ ಆರೂವರೆ ಮೀಟರ್ ಇರುವಾಗ! ಮೊದಲ ಚಿನ್ನ 30 ಸೆಕೆಂಡ್ ಅಂತರದ್ದು, ಕೊನೆಯದು ಕಣ್ಣು ಮಿಟುಕಿಸುವಷ್ಟರದ್ದು. ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ನಮ್ಮ ವೋಟು ಎರಡನೆಯದಕ್ಕೆ.

ಅಲ್ಲಿಗೆ ಅವರ ಒಲಿಂಪಿಕ್ಸ್ ಮುಗಿಯಿತು. ಆರು ಚಿನ್ನ, ಒಂದು ಬೆಳ್ಳಿ, ಒಂದು ಕಂಚು. ಮುಂದೆ ಸ್ವೀಡನ್ನಿನ ಕಯಾಕ್ ಪಟುಗಳಿಗೆ ತರಬೇತಿ ಕೊಟ್ಟರು. 1964ರ ಟೋಕಿಯೋದಲ್ಲಿ ಷಾಡೇಲಿಯಸ್ ಮತ್ತೆ ಜೋಡಿ ಕಯಾಕಿನ ಚಿನ್ನ ಗೆದ್ದರು, ಈ ಸಲ ಗುನ್ನಾರ್ ಉಟ್ಟರ್‌ಬರ್ಗ್ ಜೊತೆ. ಫ್ರೆಡ್ರಿಕ್ಸನ್ ಇದ್ದ ಸೀಟಿನಲ್ಲಿ ಇನ್ನೊಬ್ಬರು ಕೂತರು, ದೋಣಿ ಮಾತ್ರ ಮೊದಲೇ ಬಂತು. ಫ್ರೆಡ್ರಿಕ್ಸನ್ 2006ರ ಜುಲೈ 5ರಂದು, 86ರ ವಯಸ್ಸಿನಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡರು.

ಅಂದ ಹಾಗೆ, ಈ ಲೇಖನವನ್ನೂ ನಾವಿಬ್ಬರು ಕೂತು ಬರೆದದ್ದು. ಲೆಕ್ಕ ಒಬ್ಬರದು, ಕನ್ನಡ ಇನ್ನೊಬ್ಬರದು. ಘನಮೂಲ ಬೇಕಾ ಬೇಡ್ವಾ ಅಂತ ಎರಡು ಸಲ ಜಗಳವೂ ಆಯ್ತು. ಒಬ್ಬರೇ ಬರೆದಿದ್ದರೆ ಎರಡು ದಿನ ಮೊದಲೇ ಮುಗೀತಿತ್ತು, ಆದರೆ ಆ ಎಂಟು ಪರ್ಸೆಂಟಿನ ಪ್ಯಾರಾ ಇರ್ತಿರಲಿಲ್ಲ.