ಟಿಪ್ಪು ಸುಲ್ತಾನ್

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನು ತಂದೆ ಹೈದರಾಲಿಯ ಮರಣಾನಂತರ 1782ರಲ್ಲಿ ಅಧಿಕಾರಕ್ಕೆ ಬಂದನು. ಕಿರಂಗೂರಿನ ನೆರೆಯಲ್ಲಿ, ಕಾವೇರಿಯ ನಡುಗಡ್ಡೆಯಲ್ಲಿರುವ ಶ್ರೀರಂಗಪಟ್ಟಣವೇ ಅವನ ರಾಜಧಾನಿ. ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ರೇಷ್ಮೆ ವ್ಯವಸಾಯಕ್ಕೆ ಉತ್ತೇಜನವಿತ್ತನು. ಅವನ ಕುಶಲಕರ್ಮಿಗಳು ಕಬ್ಬಿಣದ ಕೊಳವೆಯ ಅಗ್ನಿಬಾಣಗಳನ್ನು ತಯಾರಿಸುತ್ತಿದ್ದರು. ಅರಮನೆಯಲ್ಲಿ ಸುಮಾರು 2,000 ಸಂಪುಟಗಳ ಗ್ರಂಥಭಂಡಾರವಿತ್ತು.

1792ರಲ್ಲಿ ಸೋತಾಗ ಅವನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಆಂಗ್ಲರಲ್ಲಿ ಒತ್ತೆಯಿರಿಸಬೇಕಾಯಿತು. 1799ರ ಮೇ 4ರಂದು ಕೋಟೆಯನ್ನು ರಕ್ಷಿಸುತ್ತ ಮಡಿದನು. ಗೆದ್ದವರು ಪಟ್ಟಣವನ್ನು ಸೂರೆಗೈದು, ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಗ್ರಂಥಗಳು ಕಲ್ಕತ್ತೆಗೂ ಲಂಡನ್ನಿಗೂ ಸಾಗಿದವು. ಅರಮನೆಯ ಮರದ ಹುಲಿ ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಮೈಸೂರಿನ ಅಗ್ನಿಬಾಣಗಳ ಪ್ರೇರಣೆಯಿಂದ ವಿಲಿಯಂ ಕಾಂಗ್ರೀವನು ಇಂಗ್ಲೆಂಡಿನ ಸೈನ್ಯಕ್ಕೆ ಹೊಸ ಅಸ್ತ್ರವನ್ನು ರೂಪಿಸಿದನು.

ಹೀಗೆ ರಾಜ್ಯದೊಡನೆ ನಾಡಿನ ವಿದ್ಯೆಯೂ ಪರರ ಪಾಲಾಯಿತು. ರೈತರ ಕೈಯಲ್ಲಿ ಉಳಿದ ರೇಷ್ಮೆ ವ್ಯವಸಾಯವು ಇಂದಿಗೂ ನಡೆದುಬಂದಿದೆ.